ಬಾಣಂತಿಯಿದ್ದ ಬಸ್ಸಿನ ಡ್ರೈವರಣ್ಣ

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಲೈನಿನಲ್ಲಿ ಓಡಾಡಿದವರಿಗೆ ಹೆಸರು ಬೇಕಾಗಿಯೂ ಇರಲಿಲ್ಲ. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವರು ಡ್ರೈವರಣ್ಣ.

ನ್ಯಾಮತಿಯಿಂದ ಬೆಳಿಗ್ಗೆ ಹೊರಟು ಹೊನ್ನಾಳಿ, ಸಾಸ್ವೆಹಳ್ಳಿ ಹಾದು ಚನ್ನಗಿರಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ಅವರದು. ಅವರದು ಎಂದರೆ ಓಡಿಸುತ್ತಿದ್ದವರು ಅವರು, ಮಾಲೀಕರು ಬೇರೆ. ನಾನು ಹೊನ್ನಾಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸಾಸ್ವೆಹಳ್ಳಿ ಸುತ್ತಿನ ಹಳ್ಳಿಗಳಿಗೆ ಸರ್ಕಾರಿ ನರ್ಸಾಗಿ ಹೋಗಿಬರುತ್ತಿದ್ದೆ. ಹೆರಿಗೆ ಮಾಡಿಸುವುದು, ಬಸುರಿ ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ದಿನಾ ಅದೇ ಬಸ್ಸು, ಡ್ರೈವರಣ್ಣನ ಬೆನ್ನ ಹಿಂದಿನ ಹೆಂಗಸರ ಸೀಟು. ಹಾಗಾಗಿ ಅವರ ಮುಖಕ್ಕಿಂತ ಅವರ ಬೆನ್ನು, ಕತ್ತು, ಸ್ಟೇರಿಂಗ್ ಹಿಡಿದ ಕೈ ನನಗೆ ಹೆಚ್ಚು ಗೊತ್ತು.

ಮಾತಾಡುವಾಗ ಅವರು ತಿರುಗಿ ನೋಡುತ್ತಿರಲಿಲ್ಲ. ಗಾಜಿನ ಕಡೆ ಮುಖ ಮಾಡಿಕೊಂಡೇ ಮಾತಾಡುವರು. ಹಿಂದೆ ಕೂತವರು ಉತ್ತರ ಕೊಟ್ಟರೆ ತಲೆ ಒಂದಿಷ್ಟು ಎಡಕ್ಕೆ ವಾಲುತ್ತಿತ್ತು, ಕೇಳಿಸಿತು ಎನ್ನುವುದಕ್ಕೆ ಅಷ್ಟೇ ಗುರುತು. ಮಳೆ ಬಂದರೆ ಬೀಡಿ ಬಿಚ್ಚಿ ಆ ಹೊಗೆಸೊಪ್ಪಿನ ಪುಡಿಯಿಂದ ಗಾಜು ಉಜ್ಜುವರು. ಹಾಗೆ ಮಾಡಿದರೆ ನೀರು ನಿಲ್ಲುವುದಿಲ್ಲವಂತೆ. ಆದರೆ ತಾವು ಬೀಡಿ ಸೇದುತ್ತಿರಲಿಲ್ಲ. ಕಂಡಕ್ಟರ್ ಕೆಣಕುತ್ತಿದ್ದ: "ಡ್ರೈವರಣ್ಣ, ನಿಮ್ಮ ಬಸ್ಸಿಗೆ ಚಟ ಐತೆ, ನಿಮಗಿಲ್ಲ ನೋಡ್ರಿ." ಅವರು ಗಾಜಿಗೇ ಹೇಳುವರು: "ಅದಕ್ಕೆ ವಯಸ್ಸಾತಪ್ಪ, ಸೇದ್ಲಿ ಬಿಡು."

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳ್ಳಿಗಳಲ್ಲಿ ನನ್ನ ಬಿಳಿ ಸೀರೆ ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂತಾನಹರಣದ ಆಪರೇಷನ್ನಿಗೆ ಹಿಡಿದುಕೊಂಡು ಹೋಗುತ್ತಾರೆಂಬ ಭಯ ಹರಡಿತ್ತು. ಅದು ಮುಗಿದ ಮೇಲೂ ಭಯ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಒಂದು ಊರಿನ ಹತ್ತಿರ ನಾನು ಇಳಿಯುತ್ತಲೇ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಒಳಗೆ ಹೋದರು. ಡ್ರೈವರಣ್ಣ ಇಂಜಿನ್ ಬಂದ್ ಮಾಡಿ, ಬಸ್ಸಿನಿಂದಿಳಿದು, ಕಟ್ಟೆಯ ಹತ್ತಿರ ಹೋಗಿ ನಿಂತು ಗಟ್ಟಿಯಾಗಿ ಹೇಳಿದರು.

"ಯಾಕ್ರೋ ಓಡ್ತೀರಿ? ಈಯಮ್ಮ ಮಕ್ಕಳಿಗೆ ಸೂಜಿ ಹಾಕಾಕೆ ಬಂದಾರೆ, ನಿಮ್ಮನ್ನ ಹಿಡ್ಕೊಂಡು ಹೋಗಾಕಲ್ಲ. ಸುಳ್ಳು ಹೇಳೋ ಪೈಕಿ ಅಲ್ಲ ಇವರು. ನಾನು ಜವಾಬ್ದಾರಿ."

ಬಸ್ಸಿನೊಳಗಿದ್ದವರು ಯಾರೂ ತಡವಾಯಿತೆಂದು ಗೊಣಗಲಿಲ್ಲ. ಒಬ್ಬ ಮುದುಕಿ ಬಾಗಿಲು ತೆರೆದಳು. ಆ ಊರಿನಲ್ಲಿ ನನ್ನ ಕೆಲಸ ಶುರುವಾದದ್ದು ಆ ಬಾಗಿಲಿನಿಂದ. ಅಲ್ಲಿಂದ ಮುಂದೆ ನಿಧಾನಕ್ಕೆ, ಒಂದು ಮನೆಯಿಂದ ಇನ್ನೊಂದು ಮನೆಗೆ, "ನರ್ಸಮ್ಮ ಹೇಳಿದ್ರೆ ಖರೇ" ಎನ್ನುವ ಮಾತು ಹಬ್ಬಿತು. ನನ್ನ ಪೆಟ್ಟಿಗೆಯಲ್ಲಿದ್ದ ಔಷಧಕ್ಕಿಂತ ಆ ಮಾತಿನಿಂದ ಹೆಚ್ಚು ಕೆಲಸವಾಗುತ್ತಿತ್ತು. ಅದನ್ನು ಕೊಡಿಸಿದವರು ಡ್ರೈವರಣ್ಣ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ಅವರ ಬಗ್ಗೆ ಆಡುವ ಚಾಡಿಯಂತೆ ಕಂಡೀತು.

ಆ ಲೈನಿನ ಬಸ್ಸುಗಳಲ್ಲಿ ಒಂದು ಪದ್ಧತಿಯಿತ್ತು. ತವರಿಗೋ ಗಂಡನ ಮನೆಗೋ ಹೊರಟ ಬಾಣಂತಿ ಕೂಸಿನೊಂದಿಗೆ ಹತ್ತಿದರೆ ಕಂಡಕ್ಟರ್ ಸೀಟಿ ಊದುವುದಿಲ್ಲ, ಬಾಗಿಲಿನ ತಗಡನ್ನು ಕೈಯಿಂದ ತಟ್ಟಿ "ಬಾಣಂತಿ ಅದಾಳೆ" ಎನ್ನುತ್ತಾನೆ. ಕಿಟಕಿಯ ಪರದೆಗಳು ಇಳಿಯುತ್ತವೆ. ಅವಳು ಇಳಿಯುವತನಕ ಡ್ರೈವರ್ ಹಾರನ್ ಒತ್ತುವುದಿಲ್ಲ, ಕುಣಿಗಳಲ್ಲಿ ಬಸ್ಸನ್ನು ಎತ್ತಿ ಹಾಕುವುದಿಲ್ಲ. ಹಸಿ ಮೈ ಅಲುಗಬಾರದು, ಕೂಸು ಬೆದರಬಾರದು. ಎಲ್ಲ ಡ್ರೈವರ್‌ಗಳೂ ಇದನ್ನು ಒಂದಿಷ್ಟು ಪಾಲಿಸುತ್ತಿದ್ದರು. ಡ್ರೈವರಣ್ಣ ಮಾತ್ರ ಪೂರ್ತಿ ಪಾಲಿಸುತ್ತಿದ್ದರು. ಚನ್ನಗಿರಿಯಲ್ಲಿ ಬಸ್ಸು ತಡವಾದರೆ ಅಲ್ಲಿ ಕಾಯುತ್ತಿದ್ದವರು "ಬಾಣಂತಿ ಹತ್ತಿರಬೇಕು" ಎಂದು ಮತ್ತೊಂದು ಟೀ ಹೇಳುತ್ತಿದ್ದರಂತೆ.

ಪೊಲೀಸರ ಕೇಸು ಬಿದ್ದ ದಿನವೂ ಬಾಣಂತಿಯಿದ್ದಳು. ಹೊನ್ನಾಳಿಯಲ್ಲಿ ನಾನೇ ಹತ್ತಿಸಿದ್ದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕೈಯಲ್ಲಿ ಬೇವಿನ ಟೊಂಗೆ. ಅವಳ ತಾಯಿ ಪಕ್ಕದಲ್ಲಿ. ಕೂಸು ನನ್ನ ತೊಡೆಯ ಮೇಲೆ. ಬಸ್ಸು ಎಷ್ಟು ನಿಧಾನವಿತ್ತೆಂದರೆ, ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ಮುಂದಿದ್ದದ್ದನ್ನು ಡ್ರೈವರಣ್ಣ ದಾಟಲಿಲ್ಲ. ದಾಟಬೇಕಾದರೆ ಹಾರನ್ ಒತ್ತಬೇಕಿತ್ತು. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ನಮ್ಮನ್ನೂ ಗಾಡಿಯನ್ನೂ ದಾಟಿ ಹೋದ. ಗಾಡಿ ಒಂದು ಹೊಲಕ್ಕೆ ತಿರುಗಿತು. ಅದಾದ ಸ್ವಲ್ಪ ಹೊತ್ತಿಗೆ, ನೇರ ರಸ್ತೆಯಲ್ಲಿ, ಒಂದು ಹುಣಸೆಮರದ ಕೆಳಗೆ ಪೊಲೀಸರು ಕೈ ತೋರಿಸಿ ನಿಲ್ಲಿಸಿದರು. ಅತಿವೇಗ ಎಂದು ಕೇಸು ಬರೆದರು. ತಿಂಗಳ ಕೊನೆ, ಅವರಿಗೆ ಕೇಸು ಬೇಕಿತ್ತು ಎಂದು ಕಂಡಕ್ಟರ್ ಆಮೇಲೆ ಹೇಳಿದ. ಅದು ನಿಜವೋ ಅಲ್ಲವೋ ನನಗೆ ತಿಳಿಯದು. ಬಸ್ಸು ಜೋರಾಗಿ ಹೋಗುತ್ತಿರಲಿಲ್ಲ ಎನ್ನುವುದು ತಿಳಿದಿದೆ.

ಇಂಥ ಕೇಸಿಗೆ ಡ್ರೈವರ್‌ಗಳು ಕೋರ್ಟಿಗೆ ಹೋಗಿ ತಪ್ಪಾಯಿತು ಎಂದು ದಂಡ ಕಟ್ಟಿ ಬರುವುದು ವಾಡಿಕೆ. ಡ್ರೈವರಣ್ಣ ಒಪ್ಪಲಿಲ್ಲ. ಕಾರಣ ಅವರ ಲೈಸೆನ್ಸು. ಹಿಂದೆ ಯಾವಾಗಲೋ ಜಗಳೂರು ರಸ್ತೆಯಲ್ಲಿ ಕುರಿಹಿಂಡಿಗೆ ಬಸ್ಸು ನುಗ್ಗಿದ್ದಕ್ಕೆ ಕೋರ್ಟಿನವರು ಅದರ ಮೇಲೆ ಒಂದು ಷರಾ ಬರೆದಿದ್ದರು. ಇನ್ನೊಂದು ಬಿದ್ದರೆ ಲೈಸೆನ್ಸು ತಡೆಹಿಡಿಯುತ್ತಾರೆ, ಆಮೇಲೆ ಯಾವ ಮಾಲೀಕನೂ ಬಸ್ಸು ಕೊಡುವುದಿಲ್ಲ ಎಂದು ಅವರ ಭಯ. ಬೇರೆ ಕಸುಬು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಗಾಜಿನ ಕಡೆ ನೋಡುತ್ತ ಕೇಳಿದರು:

"ನರ್ಸಮ್ಮ, ಅವತ್ತು ನೀವಿದ್ರಿ."

"ಇದ್ದೆ."

"ಕಂಡಕ್ಟರ್ ಹೇಳಿದ್ರೆ ನಂಬಂಗಿಲ್ಲ, ಅವನೂ ನಾನೂ ಒಂದೇ ತಾಟಿನಾಗೆ ಉಣ್ಣೋರು. ನೀವು ಸರ್ಕಾರದೋರು. ಕಂಡದ್ದು ಕಂಡಂಗೆ ಹೇಳಿದ್ರೆ ಸಾಕು. ಹೆಚ್ಚಿಗೆ ಒಂದು ಮಾತು ಬ್ಯಾಡ."

ಹೆಂಗಸು ಸಾಕ್ಷಿಕಟ್ಟೆ ಹತ್ತುವುದು ಆಗ ನಮ್ಮಲ್ಲಿ ಚೆನ್ನಾಗಿ ಕಾಣುವ ಸಂಗತಿಯಾಗಿರಲಿಲ್ಲ. ಜಗಳೂರಿನಿಂದ ಅಪ್ಪ ಬಂದು, "ಯಾವನೋ ಡ್ರೈವರ್ ಸಲುವಾಗಿ ಕೋರ್ಟಿಗೆ ಹೋಗಾಕೆ ನಿನಗೇನು ಬಂದೈತೆ?" ಎಂದು ಕೂಗಾಡಿ ಹೋದರು. ಕಟ್ಟೆಯ ಹತ್ತಿರ ಬಸ್ಸು ನಿಲ್ಲಿಸಿ ನನಗೆ ಜವಾಬ್ದಾರಿ ನಿಂತವರು ಇವರು, ಈಗ ನಾನು ನಿಲ್ಲಬೇಕು ಎಂದೆ. ಅಪ್ಪ ಉಣ್ಣದೆ ಹೋದರು.

ತಾಲ್ಲೂಕಿನ ಕೋರ್ಟು. ನನ್ನ ಹೆಸರು ಕೂಗಿದರು, ಸಾಕ್ಷಿಕಟ್ಟೆ ಹತ್ತಿದೆ. ಪ್ರಮಾಣ ಮಾಡಿಸಿದರು. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ: ಬಾಣಂತಿ, ಹುಲ್ಲಿನ ಗಾಡಿ, ಹಾಲಿನ ಸೈಕಲ್ಲು. ಆಮೇಲೆ ಸರ್ಕಾರಿ ವಕೀಲರು ಎದ್ದರು.

"ದಿನಾ ಡ್ರೈವರ್ ಹಿಂದಿನ ಸೀಟೇ ಬೇಕೇನಮ್ಮ ನಿಮಗೆ?"

"ಹೆಂಗಸರ ಸೀಟು ಅಲ್ಲೇ ಇರೋದು ಸ್ವಾಮಿ. ಹಾಕಿದೋರು ಅಲ್ಲೇ ಹಾಕ್ಯಾರೆ."

ಹಿಂದೆ ಯಾರೋ ನಕ್ಕರು. ವಕೀಲರು ನಗಲಿಲ್ಲ.

"ಸೈಕಲ್ಲು ಬಸ್ಸನ್ನ ದಾಟಿತು ಅಂತೀರಿ. ಸೈಕಲ್ಲಿನೋನು ಪೈಲ್ವಾನ ಇರಬೌದಲ್ಲ?"

"ಇರಬೌದು ಸ್ವಾಮಿ. ಹಾಲಿನ ಕ್ಯಾನು ಚೆಲ್ಲಿದ್ದು ನೋಡ್ಲಿಲ್ಲ. ಜೋರಾಗಿ ತುಳಿದಿದ್ರೆ ಚೆಲ್ತಿತ್ತು."

ಮ್ಯಾಜಿಸ್ಟ್ರೇಟರು ತಲೆ ಎತ್ತಿ ನನ್ನನ್ನು ನೋಡಿದರು. ಆ ಉತ್ತರವನ್ನು ತಾವೇ ನಿಧಾನವಾಗಿ ಹೇಳಿ ಟೈಪು ಮಾಡಿಸಿದರು. ಡ್ರೈವರಣ್ಣನ ಮುಖ ಆರೋಪಿಯ ಕಟಕಟೆಯಲ್ಲಿ ಅರಳಿದ್ದು ಕಂಡೆ. ಅಲ್ಲಿಗೆ ನಿಂತಿದ್ದರೆ ಕೇಸು ಗೆದ್ದಂತೆಯೇ ಇತ್ತು.

"ಬಸ್ಸಿನಾಗೆ ಸ್ಪೀಡು ತೋರಿಸೋ ಮೀಟರ್ ಇರುತ್ತಲ್ಲಮ್ಮ, ಅದನ್ನ ನೋಡಿದ್ರಾ?"

"ನೋಡಿದೆ."

"ಎಷ್ಟು ತೋರಿಸ್ತಿತ್ತು?"

"ಏನೂ ತೋರಿಸ್ತಿರ್ಲಿಲ್ಲ ಸ್ವಾಮಿ. ಅದು ಕೆಟ್ಟೈತೆ. ನಾನು ಹತ್ತಾಕೆ ಶುರು ಮಾಡಿದಾಗಿಂದ ಮುಳ್ಳು ಅಲುಗಿದ್ದೇ ಇಲ್ಲ."

ಕೋರ್ಟಿನಲ್ಲಿ ನಗೆ ಎದ್ದಿತು. ನಾನು ತಮಾಷೆಗೆ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೆ. ಕಂಡದ್ದು ಕಂಡಂತೆ ಎಂದು ಅವರೇ ಹೇಳಿದ್ದರು. ಮ್ಯಾಜಿಸ್ಟ್ರೇಟರು ಅದನ್ನೂ ಟೈಪು ಮಾಡಿಸಿದರು. ಬಾಗಿಲ ಹತ್ತಿರ ನಿಂತಿದ್ದ ಬಸ್ಸಿನ ಮಾಲೀಕರು ಮಾತ್ರ ನಗಲಿಲ್ಲ. ಕೆಟ್ಟ ಮೀಟರಿನ ಬಸ್ಸು ರಸ್ತೆಗೆ ಬಿಟ್ಟಿದ್ದಾರೆಂದು ಕೋರ್ಟಿನ ದಾಖಲೆಯಲ್ಲಿ ಬಂದರೆ ಬಸ್ಸಿನ ಪರವಾನಗಿಗೇ ತೊಂದರೆ ಎಂದು ಕಂಡಕ್ಟರ್ ವಾಪಸ್ಸು ಬರುವಾಗ ವಿವರಿಸಿದ. ಖಾಸಗಿ ಬಸ್ಸುಗಳಲ್ಲಿ ಮುಕ್ಕಾಲು ಪಾಲಿನವುಗಳ ಮೀಟರ್ ಹಾಗೇ ಇರುತ್ತಿತ್ತು. ಡ್ರೈವರಣ್ಣ ಆ ದಿನ ಗಾಜಿನ ಜೊತೆಯೂ ಮಾತಾಡಲಿಲ್ಲ. ನಾನು ಇಳಿಯುವಾಗ ಮಾತ್ರ, "ನೀವು ಸರಿಯಾಗೇ ಹೇಳಿದ್ರಿ ಬಿಡ್ರಿ" ಎಂದರು.

ಮುಂದಿನ ವಾಯಿದೆಗೆ ನನ್ನನ್ನು ಕರೆದಿರಲಿಲ್ಲ. ಆದರೆ ಆ ದಿನ ಪಕ್ಕದ ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ತಿಂಗಳ ಸಭೆಯಿತ್ತು. ಸಭೆ ಬೇಗ ಮುಗಿಯಿತು. ಏನಾಯಿತೋ ನೋಡೋಣವೆಂದು ಕೋರ್ಟಿನ ಹಿಂಬಾಗಿಲಲ್ಲಿ ಹೋಗಿ ನಿಂತೆ. ನಾನು ನೋಡಿದ್ದು, ಕೇಳಿದ್ದು ಇಷ್ಟು.

ಡ್ರೈವರಣ್ಣ ಕಟಕಟೆಯಲ್ಲಿದ್ದರು. ಅವರ ವಕೀಲರು, "ಆರೋಪಿ ತಪ್ಪೊಪ್ಪಿಕೊಳ್ಳುತ್ತಿದ್ದಾನೆ, ದಯೆ ತೋರಿಸಬೇಕು" ಎಂದರು.

ಮ್ಯಾಜಿಸ್ಟ್ರೇಟರು, "ಹೋದ ಸಲ ಸಾಕ್ಷಿ ಕರೆಸಿ ಬಸ್ಸು ಎತ್ತಿನ ಗಾಡಿ ಹಿಂದೆ ಹೋಗ್ತಿತ್ತು ಅಂತ ಹೇಳಿಸಿದ್ರಲ್ಲ?" ಎಂದು ಕೇಳಿದರು.

ವಕೀಲರು ಡ್ರೈವರಣ್ಣನ ಕಡೆ ನೋಡಿದರು. ಡ್ರೈವರಣ್ಣ ಕೈ ಮುಗಿದರು.

"ಜೋರಾಗೇ ಹೊಡೆದೆ ಸ್ವಾಮಿ. ಬೇಕಂತ ಅಲ್ಲ. ನರ್ಸಮ್ಮ ಹತ್ತಿದ್ರು. ಒಂದು ಹೆರಿಗೆ ಕಷ್ಟ ಆಗೈತೆ, ಎರಡು ಜೀವದ ಪ್ರಶ್ನೆ, ಲಗೂನ ಹೊಡಿರಿ ಅಂದ್ರು. ಹೆಣ್ಣುಮಗಳ ಮಾತು ತಗದು ಹಾಕಾಕೆ ಆಗ್ಲಿಲ್ಲ."

"ಮತ್ತೆ ಅವರು ಪ್ರಮಾಣ ಮಾಡಿ ನಿಧಾನ ಅಂತ ಯಾಕೆ ಹೇಳಿದ್ರು?"

ಇಲ್ಲಿ ಅವರು ಸ್ವಲ್ಪ ತಡೆದರು. ಈ ಪ್ರಶ್ನೆಗೆ ಉತ್ತರವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ನನಗೆ ಅನಿಸಿತು. ಅನಿಸಿತು ಎಂದಷ್ಟೇ ಹೇಳಬಲ್ಲೆ.

"ನನ್ನ ಉಳಿಸಾಕೆ ಅಂದಾರೆ ಸ್ವಾಮಿ. ಒಳ್ಳೆ ಮನಸಿನೋರು."

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದಿಟ್ಟರು. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳುವುದು ಅಪರಾಧ, ಸರ್ಕಾರಿ ಕೆಲಸದಲ್ಲಿರುವ ಹೆಣ್ಣುಮಗಳು, ಉಪಕಾರಕ್ಕೆ ಹೇಳಿದ್ದಾಳೆಂದು ಈ ಸಲ ಬಿಟ್ಟಿದ್ದೇನೆ, ಆಕೆಗೆ ತಿಳಿಸಿ ಎಂದರು. ಹೆರಿಗೆಯ ಅವಸರವಾದ್ದರಿಂದ ಸಣ್ಣ ದಂಡ ಹಾಕಿ, ಲೈಸೆನ್ಸಿನ ಮೇಲೆ ಏನೂ ಬರೆಯದೆ ಬಿಟ್ಟರು. ಮೀಟರಿನ ಮಾತು ಏಳಲಿಲ್ಲ.

ನಾನು, "ಸ್ವಾಮಿ" ಎಂದೆ. ಬಾಗಿಲ ಹತ್ತಿರವಿದ್ದ ಜವಾನ, "ಸುಮ್ನಿರಮ್ಮ, ಮುಂದಿನ ಕೇಸ್ ಕೂಗ್ಬೇಕು" ಎಂದ. ಡ್ರೈವರಣ್ಣ ಆ ದನಿಗೆ ತಿರುಗಿದರು. ಯಾವತ್ತೂ ತಿರುಗಿ ಮಾತಾಡದ ಮನುಷ್ಯ ಆ ಒಂದು ಸಲ ತಿರುಗಿ ನೋಡಿದರು, ನಾನು ಅಲ್ಲಿದ್ದೇನೆಂದು ಕಂಡರು, ನೆಲ ನೋಡಿದರು.

ಡ್ರೈವರಣ್ಣನ ವಕೀಲರ ಮನೆಗೆ ಹೋಗಿ ಕೇಳಿದೆ. ಅವರು ಸಮಾಧಾನವಾಗಿಯೇ ಮಾತಾಡಿದರು. "ಮಾಲೀಕರು ಹಟ ಹಿಡಿದ್ರಮ್ಮ. ಕೇಸು ಮುಂದುವರಿದ್ರೆ ಬಸ್ಸು ನಿಲ್ತೈತೆ, ಬಸ್ಸು ನಿಂತ್ರೆ ನೀನೂ ನಿಂತೆ ಅಂದ್ರು ಅವನಿಗೆ. ಸುಮ್ನೆ ತಪ್ಪಾತು ಅಂದ್ರೆ ಲೈಸೆನ್ಸಿಗೆ ಷರಾ ಬೀಳ್ತಿತ್ತು, ಅದಕ್ಕೆ ಹೆರಿಗೆ ಮಾತು ತಂದ್ವಿ. ಈಗ ನೀವು ಹೋಗಿ ಅಲ್ಲ ಅಂದ್ರೆ ಅವನೊಂದು ಹೇಳ್ತಾನೆ, ನೀವೊಂದು ಹೇಳ್ತೀರಿ. ನಿಮ್ಮ ನೌಕರಿಗೆ ಕುತ್ತು. ಬಿಟ್ಟುಬಿಡ್ರಿ, ಯಾರೂ ನೆನಪಿಟ್ಕೊಳ್ಳಲ್ಲ."

ನೆನಪಿಟ್ಟುಕೊಂಡರು. ಕೋರ್ಟಿಗೆ ಬೇರೆ ಬೇರೆ ಕೆಲಸಕ್ಕೆ ಬಂದಿದ್ದವರು ಊರೂರಿಗೆ ಒಯ್ದರು. ಮೊದಮೊದಲು ಅದು ಹೊಗಳಿಕೆಯಂತೆಯೇ ಇತ್ತು. ಡ್ರೈವರನ್ನು ಉಳಿಸುವುದಕ್ಕೆ ನರ್ಸಮ್ಮ ಕೋರ್ಟಿನಲ್ಲೇ ಸುಳ್ಳು ಹೇಳಿದಳಂತೆ, ಗಟ್ಟಿ ಹೆಣ್ಣು, ಎಂದು. ಆ ದಿನ ಬಸ್ಸಿನಲ್ಲಿದ್ದವರು ಕೂಡ ಇರಬಹುದೇನೋ ಎನ್ನತೊಡಗಿದರು. ನಾನು ಬೇರೆ ಬಸ್ಸಿಗೆ ಹೋಗತೊಡಗಿದೆ; ಅದಕ್ಕೂ ಒಂದು ಕಥೆ ಹುಟ್ಟಿತು.

ಕೆಲವು ತಿಂಗಳಾದ ಮೇಲೆ, ಡ್ರೈವರಣ್ಣ ಕಟ್ಟೆಯ ಹತ್ತಿರ ನಿಂತು ಕೂಗಿದ್ದರಲ್ಲ, ಅದೇ ಊರಿನಲ್ಲಿ ಒಂದು ಚೊಚ್ಚಲ ಹೆರಿಗೆ. ಬೆಳಿಗ್ಗೆ ಹೋಗಿ ನೋಡಿದೆ. ಕೂಸು ಅಡ್ಡ ತಿರುಗಿತ್ತು. ಮನೆಯಲ್ಲಿ ಆಗುವುದಲ್ಲ, ಈಗಲೇ ಗಾಡಿ ಕಟ್ಟಿ, ಆಸ್ಪತ್ರೆಗೆ ಹೊರಡಿಸಿ ಎಂದೆ. ಹುಡುಗಿಯ ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು.

"ಆಸ್ಪತ್ರೆಗೆ ಒಯ್ದ್ರೆ ಹೊಟ್ಟೆ ಕೊಯ್ತಾರೆ. ಅದರ ಜೊತೀಗೆ ಮುಂದೆ ಮಕ್ಕಳಾಗದಂಗೂ ಮಾಡಿ ಕಳಿಸ್ತಾರೆ."

"ಇಲ್ಲಮ್ಮ, ನನ್ನ ಮಾತು ಕೇಳ್ರಿ. ಸುಳ್ಳು ಹೇಳಾಕಿಲ್ಲ ನಾನು."

"ದೇವರ ಮೇಲೆ ಆಣೆ ಮಾಡೇ ಸುಳ್ಳು ಹೇಳಿದಾಕಿ ನೀನು," ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವವಳ ಹಾಗೆ. "ಒಳ್ಳೇದಕ್ಕೇ ಹೇಳಿರ್ತೀ ತಾಯಿ. ಇದನ್ನೂ ಒಳ್ಳೇದಕ್ಕೇ ಹೇಳ್ತಿರಬೌದು. ನನಗೆ ಹೆಂಗೆ ತಿಳೀಬೇಕು?"

ಹುಡುಗಿಯ ಅಣ್ಣ ಪಕ್ಕದ ಊರಿನಿಂದ ಬಂದು ಜಗಳವಾಡಿ ಗಾಡಿ ಕಟ್ಟಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಹುಡುಗಿ ಉಳಿದಳು. ಕೂಸು ಉಳಿಯಲಿಲ್ಲ. ಬೆಳಿಗ್ಗೆಯೇ ಹೊರಟಿದ್ದರೆ ಉಳಿಯುತ್ತಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಬೆಳಿಗ್ಗೆ ಅದರ ಎದೆಬಡಿತ ಕೇಳಿದ್ದೆ ಎಂದು ಮಾತ್ರ ಹೇಳಬಲ್ಲೆ.

ಅಲ್ಲಿ ಮುಂದೆ ಕೆಲಸ ಮಾಡುವುದು ಆಗಲಿಲ್ಲ. ಜಗಳೂರು ಕಡೆಗೆ ವರ್ಗ ಕೇಳಿ ಪಡೆದೆ.

ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸು ಹತ್ತಿದೆ. ಕೂತ ಮೇಲೆ ಮುಂದಿನ ಕತ್ತು ಕಂಡಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾಲೀಕರು ಬೇರೆ, ಲೈನು ಬೇರೆ, ಮನುಷ್ಯ ಅವರೇ. ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು, ಒಳಗೆ ನಾವಿಬ್ಬರೇ. ಗಾಜಿನ ಮೇಲಿನ ಕನ್ನಡಿಯಲ್ಲಿ ಅವರು ನನ್ನನ್ನು ನೋಡಿದ್ದರೆಂದು ಕಾಣುತ್ತದೆ.

"ಆರಾಮಿದೀರಾ ನರ್ಸಮ್ಮ?"

"ಯಾಕೆ ಹಂಗೆ ಹೇಳಿದ್ರಿ ಡ್ರೈವರಣ್ಣ?"

ಯಾವುದು ಎಂದು ಅವರು ಕೇಳಲಿಲ್ಲ. ಗಾಜಿನ ಕಡೆ ನೋಡುತ್ತಲೇ ಹೇಳಿದರು: "ಲೈಸೆನ್ಸು ಹೋಗ್ತಿತ್ರೀ. ಹೆಣ್ಣುಮಕ್ಕಳು ಮನೇಲಿದ್ರು. ನೀವು ಖರೇ ಹೇಳಿದ್ದು ನನಗೆ ಗೊತ್ತೈತಲ್ಲ. ನಿಮಗೂ ಗೊತ್ತೈತೆ. ಸಾಲ್ದಾ?"

"ಸಾಲ್ದು," ಎಂದೆ. ಆ ಊರಿನ ಹೊಸ್ತಿಲು, ಅತ್ತೆ ಆಡಿದ ಮಾತು, ಕೂಸು, ಎಲ್ಲವನ್ನೂ ಹೇಳಿದೆ. ಹೆಚ್ಚಿಗೆ ಒಂದು ಮಾತು ಸೇರಿಸಲಿಲ್ಲ. ಅವರ ತಲೆ ಎಡಕ್ಕೆ ವಾಲಿತು. ಗೇರಿನ ಮೇಲಿದ್ದ ಕೈ ಅಲ್ಲೇ ನಿಂತಿತ್ತು.

"ಆ ಊರಿಗೆ ನಾನೇ ಬರ್ತೀನಿ," ಎಂದರು. "ಕಟ್ಟೆ ಮ್ಯಾಲೆ ನಿಂತು ಹೇಳ್ತೀನಿ, ಸುಳ್ಳು ಹೇಳ್ದೋನು ನಾನು ಅಂತ. ಈಗ ಬ್ಯಾಡ್ರಿ. ಈಗ ಹೇಳಿದ್ರೆ ಮತ್ತೆ ಲೈಸೆನ್ಸಿಗೆ ಬರ್ತಾರೆ. ಸ್ಟೇರಿಂಗ್ ಬಿಟ್ಟ ದಿನ, ಮೊದಲು ಅಲ್ಲಿಗೇ ಬರ್ತೀನಿ. ನೀವೂ ಬರ್ರಿ."

ಜನ ಹತ್ತತೊಡಗಿದರು. ನಾನು ನಂಬಿದೆ. ಒಮ್ಮೆ ಮೋಸ ಹೋದವಳು ಮತ್ತೆ ಹೇಗೆ ನಂಬಿದೆ ಎಂದು ಕೇಳಿದರೆ, ಅವರು ಬಸ್ಸು ನಿಲ್ಲಿಸಿ ನನ್ನ ಪರವಾಗಿ ಕೂಗಿದ ದನಿಯಲ್ಲೇ ಇದನ್ನೂ ಹೇಳಿದ್ದರು. ಆ ಮೇಲೆ ಆ ಲೈನಿನಲ್ಲಿ ಅವರು ಕಾಣದಿದ್ದಾಗ, ಮತ್ತೆ ಲೈನು ಬದಲಾಗಿರಬೇಕು, ಇನ್ನೂ ಎಲ್ಲೋ ಓಡಿಸುತ್ತಿದ್ದಾರೆ ಎಂದುಕೊಂಡೆ. ಕಾಯುವುದು ನನಗೆ ಕಷ್ಟವಾಗಲಿಲ್ಲ.

ಈಗ ತೊಂಬತ್ತರ ದಶಕ ಶುರುವಾಗಿದೆ. ಹೋದ ತಿಂಗಳು ದಾವಣಗೆರೆಯಲ್ಲಿ ಹಳೆಯ ಕಂಡಕ್ಟರ್ ಸಿಕ್ಕಿದ. ಅವನಿಗೂ ವಯಸ್ಸಾಗಿದೆ. "ಡ್ರೈವರಣ್ಣ ಹೋಗಿಬಿಟ್ರು ನರ್ಸಮ್ಮ," ಎಂದ. "ನ್ಯಾಮತಿಯಾಗೆ, ಮನೇಲೇ. ಮಲಗಿದೋರು ಏಳ್ಲಿಲ್ಲ."

ನಾನು ತಕ್ಷಣ ಕೇಳಿದ್ದು ಒಂದೇ. "ಬಸ್ಸು ಓಡಿಸ್ತಿದ್ರಾ ಇನ್ನೂ?"

"ಎಲ್ಲೀದು ಬಿಡ್ರಿ. ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟು ಎರಡು ವರ್ಸ ಆಗಿತ್ತು. ಸುಮ್ನೆ ಕೂರೋರಲ್ಲ, ದಿನಾ ಬೆಳಿಗ್ಗೆ ನಮ್ಮ ಹಳೇ ಲೈನಿನ ಬಸ್ಸು ಹತ್ತಿ, ನಡುವೆ ಎಲ್ಲೂ ಇಳೀದೆ ಚನ್ನಗಿರಿವರೆಗೂ ಹೋಗಿ ಬರ್ತಿದ್ರು, ಹೊತ್ತು ಕಳೆಯಾಕೆ. ನಿಮ್ಮ ಸಲುವಾಗಿ ಕೂಗಿ ಹೇಳಿದ್ರಲ್ಲ, ಆ ಕಟ್ಟೆ ಊರಿನ ಮ್ಯಾಲೇ."